ಶಿಕ್ಷೆಯಾಗಿಬಿಟ್ಟ ಪ್ರಾರ್ಥನೆ: ಒಂದು ಆಪ್ತಸಲಹೆ ಪ್ರಕರಣ

ಪತಿಯನ್ನು ಕಳೆದುಕೊಂಡಿದ್ದ, ಎಪ್ಪತ್ತು ದಾಟಿದ ಮಹಿಳೆಯೊಬ್ಬರನ್ನು ಮಗಳು ಕರೆತಂದಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.) ತಾಯಿ ದಿನದ ಬಹುಪಾಲು ಪ್ರಾರ್ಥನೆಯಲ್ಲೇ ಕಳೆಯುತ್ತಾರೆ, ರಕ್ತದೊತ್ತಡದ ಮಾತ್ರೆಯನ್ನೂ ಬಿಟ್ಟಿದ್ದಾರೆ, ಪ್ರಾರ್ಥನೆ ಕಡಿಮೆ ಮಾಡುವಂತೆ ನೀವಾದರೂ ಹೇಳಿ ಎಂಬುದು ಮಗಳ ಕೋರಿಕೆ.

ತಾಯಿಯೊಡನೆ ಪ್ರತ್ಯೇಕವಾಗಿ ಮಾತನಾಡಿದಾಗ ತಿಳಿದದ್ದೇ ಬೇರೆ. ಪತಿಯ ಕೊನೆಯ ದಿನಗಳಲ್ಲಿ ತಾನು ಮನಸ್ಸಿಟ್ಟು ಪ್ರಾರ್ಥಿಸಲಿಲ್ಲ, ಅದರಿಂದಲೇ ಅವರು ಉಳಿಯಲಿಲ್ಲ, ಈಗಿನ ತಲೆಸುತ್ತು ಮತ್ತು ನಿದ್ರೆಗೇಡು ಅದಕ್ಕೆ ಬಂದ ಶಿಕ್ಷೆ ಎಂದು ಅವರು ನಂಬಿದ್ದರು. ಮಾತ್ರೆ ನುಂಗಿದರೆ ನಂಬಿಕೆ ಸಾಲದೆಂದು ತಾನೇ ಒಪ್ಪಿಕೊಂಡಂತಾಗುತ್ತದೆ ಎಂಬ ಅಳುಕೂ ಇತ್ತು. ಪ್ರಾರ್ಥನೆ ಮುಗಿಸಿ ಎದ್ದಾಗ ಮನಸ್ಸು ಹೇಗಿರುತ್ತದೆ ಎಂದು ಕೇಳಿದೆ. "ಇನ್ನೂ ಬಾಕಿ ಉಳಿದಿದೆ ಅನ್ನಿಸುತ್ತದೆ" ಎಂದರು. ನನ್ನ ಮಟ್ಟಿಗೆ ಪ್ರಕರಣದ ತಿರುಳು ಈ ಉತ್ತರದಲ್ಲಿತ್ತು, ಮಗಳು ಲೆಕ್ಕಹಾಕುತ್ತಿದ್ದ ಗಂಟೆಗಳಲ್ಲಿ ಅಲ್ಲ.

ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು 55 ದಾಟಿದ ಆಸ್ಪತ್ರೆ ರೋಗಿಗಳನ್ನು ಸುಮಾರು 2 ವರ್ಷ ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇವರು ತಮ್ಮನ್ನು ಕೈಬಿಟ್ಟಿದ್ದಾನೆ ಎಂಬಂಥ ತೊಳಲಾಟದಲ್ಲಿದ್ದವರಲ್ಲಿ ಸಾವಿನ ಅಪಾಯ ತುಸು ಹೆಚ್ಚಾಗಿ ಕಂಡಿತ್ತು. ಇದು ಸಂಬಂಧವನ್ನಷ್ಟೇ ತೋರಿಸುತ್ತದೆ, ಕಾರಣವನ್ನಲ್ಲ. ಇನ್ನೊಂದೆಡೆ, ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ ಸುಮಾರು 1,800 ಮಂದಿಯ ಕುರಿತು 2006ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ, ಅವರಿಗಾಗಿ ಬೇರೆಯವರು ಮಾಡಿದ ಪ್ರಾರ್ಥನೆಯಿಂದ ತೊಡಕುಗಳು ಕಡಿಮೆಯಾಗಲಿಲ್ಲ. ಈ ಎರಡನೆಯ ಅಧ್ಯಯನವನ್ನು ತಾಯಿಗೆ ಬೇಕೆಂದೇ ಹೇಳಿದೆ: ಪತಿಯ ಪ್ರಾಣ ಅವರ ಪ್ರಾರ್ಥನೆಯ ಅಳತೆಯ ಮೇಲೆ ನಿಂತಿರಲಿಲ್ಲ. ಅವರು ಬಹಳ ಹೊತ್ತು ಅತ್ತರು.

ಪ್ರಾರ್ಥನೆಯನ್ನು ಬಿಡಿ ಎಂದು ನಾನು ಹೇಳಲಿಲ್ಲ. ನಿಧಾನವಾದ ಜಪದಲ್ಲಿ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿದು ದೇಹಕ್ಕೆ ಹಿತವಾಗಬಹುದು. ಆದರೆ ಅದು ಮಾತ್ರೆಗೆ ಬದಲಿಯಲ್ಲ. ಮಾತ್ರೆಯನ್ನು ತಾವಾಗಿಯೇ ಮತ್ತೆ ಶುರುಮಾಡದೆ, ಕೂತಾಗಲೂ ನಿಂತಾಗಲೂ ರಕ್ತದೊತ್ತಡ ನೋಡಿಸಿಕೊಂಡು ವೈದ್ಯರು ಹೇಳಿದಂತೆ ನಡೆಯಬೇಕೆಂದೂ, ಕುರ್ಚಿಯಲ್ಲಿ ಕೂತು ಪ್ರಾರ್ಥಿಸಿ ನಿಧಾನವಾಗಿ ಏಳಬೇಕೆಂದೂ, ಶಿಕ್ಷೆಯ ಭಯವನ್ನು ತಾವು ಗೌರವಿಸುವ ಧಾರ್ಮಿಕ ಹಿರಿಯರೊಬ್ಬರ ಮುಂದೆ ಬಿಚ್ಚಿಡಬೇಕೆಂದೂ ಸೂಚಿಸಿದೆ. ಗಡಿಯಾರ ನೋಡುವುದನ್ನು ಬಿಟ್ಟು ಸಾಧ್ಯವಾದಾಗ ಪಕ್ಕದಲ್ಲಿ ಕೂರುವಂತೆ ಮಗಳಿಗೆ ಹೇಳಿದೆ.

ವೈದ್ಯರ ಸಲಹೆಯಂತೆ ಮಾತ್ರೆ ಮತ್ತೆ ಆರಂಭವಾಗಿದೆ. ನಿದ್ರೆ ಇನ್ನೂ ಸುಧಾರಿಸದ ಕಾರಣ, ಖಿನ್ನತೆ ಇದೆಯೇ ಎಂದು ತಿಳಿಯಲು ಮನೋವೈದ್ಯರಲ್ಲಿಗೆ ಕಳುಹಿಸಿದ್ದೇನೆ. ನಮ್ಮ ಭೇಟಿಗಳು ಮುಂದುವರಿದಿವೆ.