ಸಮುದ್ರಕ್ಕೆ ಹೋದ ನೀರು ದಂಡವಲ್ಲ, ಮಾಸ್ತರೇ

"ಹಿಂದಿನ ಸಂಚಿಕೆಯಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಬೇಡ್ತಿ, ಅಘನಾಶಿನಿಯ ನೀರು ಸುಮ್ನೆ ಸಮುದ್ರಕ್ಕೆ ಹೋಗಿ ದಂಡವಾಗುತ್ತಿದೆ. ಅದನ್ನು ವರದಾ ನದಿಗೆ ತಿರುಗಿಸಿದರೆ ಹಾವೇರಿ, ಗದಗಿನ ರೈತರು ಬದುಕಿಕೊಳ್ಳುತ್ತಾರೆ. ಅದಕ್ಕೆ ಏಡಿ, ಚಿಪ್ಪಿ ಅಡ್ಡ ಬರಬೇಕಾ? ಹುಬ್ಬಳ್ಳಿಯಲ್ಲಿ ಕೂತು ಸಮುದ್ರದ ಚಿಂತೆ ನಿಮಗ್ಯಾಕೆ? ಇನ್ನೊಂದು ಮಾತು, ಪದಬಂಧದ ಅಕ್ಷರ ಕಣ್ಣಿಗೆ ಕಾಣುತ್ತಿಲ್ಲ."
— ನಿವೃತ್ತ ಶಿಕ್ಷಕರೊಬ್ಬರು, ಲಕ್ಷ್ಮೇಶ್ವರ

ಮಾಸ್ತರೇ, ಪತ್ರ ಖಾರವಾಗಿದೆ, ಆದರೆ ಅಕ್ಷರ ನೋಡಿ ಖುಷಿಯಾಯಿತು. ಇಂಥ ಕೈಬರಹದ ಪತ್ರ ಈಗ ಬರುವುದೇ ಅಪರೂಪ.

ಒಪ್ಪುವುದನ್ನು ಮೊದಲೇ ಒಪ್ಪಿಬಿಡುತ್ತೇನೆ. ವಾರಕ್ಕೊಮ್ಮೆ ನಳ ಬರುವ ಓಣಿಯಲ್ಲೇ ನನ್ನ ಮನೆ. ರೋಣ, ಮುಂಡರಗಿ ಕಡೆ ಬೇಸಿಗೆಯಲ್ಲಿ ಕೊಡ ಹಿಡಿದು ನಿಂತವರ ಮುಂದೆ ಏಡಿಯ ಕಥೆ ಹೇಳುವ ಧೈರ್ಯ ನನಗಿಲ್ಲ. ಕುಡಿಯುವ ನೀರು ಮೊದಲು. ಸರಿ.

ಆದರೆ ಹುಬ್ಬಳ್ಳಿಗೂ ಸಮುದ್ರಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದಾ? ಮಕ್ಕಳಿಗೆ ಭೂಗೋಳ ಕಲಿಸಿದವರು! ಧಾರವಾಡದ ಸೋಮೇಶ್ವರ ಗುಡಿಯ ಬದಿಯಲ್ಲಿ ಹುಟ್ಟುವ ಶಾಲ್ಮಲೆ, ಹುಬ್ಬಳ್ಳಿ ಕಡೆಯಿಂದ ಬರುವ ಬೇಡ್ತಿ, ಎರಡೂ ಕಲಘಟಗಿ ಹತ್ತಿರ ಕೂಡುತ್ತವೆ. ಮುಂದೆ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅನ್ನಿಸಿಕೊಂಡು, ಅಂಕೋಲಾ-ಗೋಕರ್ಣದ ನಡುವೆ ಸಮುದ್ರ ಸೇರುತ್ತವೆ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದಾಗ ದಿನವಿಡೀ ಟಿವಿಯಲ್ಲಿ ನೋಡಿದೆವಲ್ಲ, ಅದೇ ಗಂಗಾವಳಿ. ಅದು ನಮ್ಮೂರ ಹೊಳೆ ಅಂತ ನಮ್ಮ ಕಚೇರಿಯಲ್ಲೇ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಈ ಹಳ್ಳಗಳಿಗೆ ನಾವು ಬಿಡುವ ಗಟಾರದ ನೀರು ಹಿಡಿಯುವುದೂ ಅದೇ ದಾರಿ.

ಈಗ ದಂಡದ ಮಾತು. ಅಳಿವೆಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ ಬರುತ್ತದೆ. ಉಪ್ಪುನೀರು ಭಾರ, ಅದು ಕೆಳಗಿನಿಂದ ನುಗ್ಗುತ್ತದೆ. ಹೊಳೆಯ ಸಿಹಿನೀರು ಮೇಲೆ ತೇಲಿ ಹೋಗುತ್ತದೆ. ಇವೆರಡೂ ಬೆರೆಯುವಲ್ಲಿ ಘಟ್ಟದಿಂದ ಬಂದ ಗೋಡು ಮಣ್ಣು ಕೆಳಗೆ ಕೂರುತ್ತದೆ. ಆ ಕೆಸರಿನಲ್ಲೇ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಬೇರು ಬಿಡುವುದು. ಸೀಗಡಿ ಸಮುದ್ರದಲ್ಲಿ ಮೊಟ್ಟೆಯಿಟ್ಟರೂ ಮರಿಗಳು ದೊಡ್ಡವಾಗಲು ಬರುವುದು ಇಲ್ಲಿಗೇ. ಹೊಳೆ ಬತ್ತಿಸಿ ಗಣೇಶಪೇಟೆಯ ಮೀನು ಮಾರುಕಟ್ಟೆಯಲ್ಲಿ ಸೀಗಡಿ ಯಾಕೆ ತುಟ್ಟಿ ಅಂತ ಕೇಳಿದರೆ ಹೇಗೆ? (ನೀವು ಶಾಕಾಹಾರಿಗಳಿದ್ದರೆ ಕ್ಷಮಿಸಿ, ವಾದ ಬದಲಾಗುವುದಿಲ್ಲ.)

ಕುಮಟಾ ಹತ್ತಿರ ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಒಮ್ಮೆ ಹೋಗಿ ನಿಲ್ಲಿ. ಹೆಂಗಸರು ಮೊಣಕಾಲು ಮಟ್ಟದ ನೀರಲ್ಲಿ ಬಾಗಿ, ಕೆಸರು ತಡಕಿ ಬಳಚು ಅನ್ನುವ ಚಿಪ್ಪಿ ಹೆಕ್ಕುತ್ತಿರುತ್ತಾರೆ. ಬುಟ್ಟಿಯನ್ನು ನೀರಲ್ಲಿ ಅದ್ದಿ ಎರಡು ಸಲ ಕುಲುಕಿದರೆ ಕಪ್ಪು ಕೆಸರು ಹೋಗಿ ಚಿಪ್ಪುಗಳ ಕಟಕಟ ಸದ್ದು ಕೇಳುತ್ತದೆ. ಒಬ್ಬ ಅಜ್ಜಿ ನನ್ನ ಅಂಗೈ ಮೇಲೆ ಒಂದನ್ನು ಇಟ್ಟರು. ಬಾಯಿ ಕೂದಲೆಳೆಯಷ್ಟು ತೆರೆದಿತ್ತು. ಬೆರಳು ತಾಗಿಸಿದೆ, ಟಪ್ಪನೆ ಮುಚ್ಚಿಕೊಂಡಿತು. ಇಷ್ಟು ಸಣ್ಣ ಜೀವ ದಿನಕ್ಕೆ ಲೀಟರ್‌ಗಟ್ಟಲೆ ನೀರನ್ನು ಸೋಸಿ ಅದರಲ್ಲಿರುವ ಸೂಕ್ಷ್ಮ ಪಾಚಿ ತಿಂದು ಬದುಕುತ್ತದೆ. ಹಾಗೆ ಸೋಸುವಾಗ ನೀರಿನಲ್ಲಿರುವ ರೋಗಾಣು, ಸೀಸದಂಥ ಲೋಹ ಕೂಡ ಅದರ ಮೈಯಲ್ಲಿ ಉಳಿಯುತ್ತದೆ. ಗಟಾರ, ಗೊಬ್ಬರ ಅತಿಯಾದರೆ ಪಾಚಿ ಉಕ್ಕುತ್ತದೆ, ಅದು ಕೊಳೆಯುವಾಗ ನೀರಿನ ಆಮ್ಲಜನಕ ತೀರುತ್ತದೆ. ಮೀನು ಈಜಿ ತಪ್ಪಿಸಿಕೊಳ್ಳಬಹುದು. ಬಳಚು ಎಲ್ಲಿ ಹೋಗಬೇಕು?

ರೈತ ಮುಖ್ಯ ಅಂದಿರಿ. ಅಘನಾಶಿನಿ ಬದಿಯ ಮಾಣಿಕಟ್ಟಾದಲ್ಲಿ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವವರು ಯಾರು? ಅವರೂ ರೈತರೇ. ಕಗ್ಗ ಉಪ್ಪು ತಡೆಯುತ್ತದೆ, ನಿಜ. ಆದರೂ ಮಳೆಗಾಲದ ಸಿಹಿನೀರು ಬಂದು ಗದ್ದೆಯ ಉಪ್ಪು ತೊಳೆಯಲೇಬೇಕು.

ಹಾಗಂತ ಸಿಹಿನೀರು ಎಷ್ಟು ಬಂದರೂ ಒಳ್ಳೆಯದೇ ಅಂತಲೂ ಅಲ್ಲ. ಶರಾವತಿಯನ್ನು ನೋಡಿ. ವಿದ್ಯುತ್ ಮಾಡಿ ಬಿಟ್ಟ ನೀರು ಬೇಸಿಗೆಯಲ್ಲೂ ಹರಿದು ಬಂದು ಹೊನ್ನಾವರದ ಅಳಿವೆಯಲ್ಲಿ ಉಪ್ಪು ಕಡಿಮೆಯಾಯಿತು. ಅಲ್ಲಿನ ಚಿಪ್ಪಿಗಳು ಹೇಗೆ ನಶಿಸಿದವು ಅಂತ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮೊದಲಾದವರು ಬರೆದಿದ್ದಾರೆ. ದೊಡ್ಡ ಅಣೆಕಟ್ಟಿಲ್ಲದ ಅಘನಾಶಿನಿ ಆ ಲೆಕ್ಕದಲ್ಲಿ ಅದೃಷ್ಟವಂತೆ. ಈಜಿಪ್ಟಿನಲ್ಲಿ ಇದರ ತಿರುಗಾ ಮುರುಗಾ ಆಯಿತು. ನೈಲ್ ನದಿಗೆ ಅಸ್ವಾನ್‌ನಲ್ಲಿ ದೊಡ್ಡ ಅಣೆಕಟ್ಟು ಕಟ್ಟಿ ಪ್ರವಾಹ ನಿಲ್ಲಿಸಿದರು. ಆ ನದಿ ಸೇರುವ ಸಮುದ್ರದಲ್ಲಿ 1962ರಲ್ಲಿ ಸುಮಾರು 18,000 ಟನ್ ಇದ್ದ ಸಾರ್ಡೀನ್ ಮೀನಿನ ಫಸಲು 1960ರ ದಶಕದ ಕೊನೆಗೆ ಸಾವಿರ ಟನ್ನಿಗಿಂತ ಕೆಳಗಿಳಿಯಿತು.

ನಮ್ಮಲ್ಲಿ ಚುನಾವಣೆ ಬಂದರೆ ಸಾಕು, ಇಷ್ಟು ಟಿಎಂಸಿ ಸಮುದ್ರದ ಪಾಲು ಅಂತ ವೇದಿಕೆ ಮೇಲೆ ಮೇಜು ಕುಟ್ಟುತ್ತಾರೆ. ವರದಾ ತುಂಬುವುದೂ ಬೇಡ್ತಿ ತುಂಬುವುದೂ ಒಂದೇ ಮಳೆಗೆ, ಒಂದೇ ತಿಂಗಳಲ್ಲಿ ಅಂತ ಯಾರೂ ಹೇಳುವುದಿಲ್ಲ. ವರದಾ ಉಕ್ಕಿ ಹಾನಗಲ್ ಕಡೆ ಹೊಲ ಮುಳುಗುವಾಗ ಬೇಡ್ತಿಯಲ್ಲೂ ನೀರು. ಬೇಸಿಗೆಯಲ್ಲಿ ಇದು ಒಣಗಿದಾಗ ಅದೂ ಸೊರಗಿರುತ್ತದೆ. ಮಲಪ್ರಭೆಯ ನೀರು ಕೊನೆಯ ಹೊಲ ಮುಟ್ಟುವ ಮೊದಲೇ ಕಬ್ಬು ಕುಡಿದು ಮುಗಿಸುತ್ತದೆ, ಅದರ ಬಗ್ಗೆಯೂ ಮಾತಿಲ್ಲ. ಡಂಬಳದಂಥ ದೊಡ್ಡ ಕೆರೆ ಕಟ್ಟಿದ ಸೀಮೆ ನಮ್ಮದು. ನಾವೋ, ಉಣಕಲ್ ಕೆರೆಯ ಅಂತರಗಂಗೆ ಕಳೆ ತೆಗೆಯುವುದರಲ್ಲೇ ಸುಸ್ತಾಗಿದ್ದೇವೆ. ನಮ್ಮ ಓಣಿಯ ಗಟಾರ ಎಲ್ಲಿ ಸೇರುತ್ತದೆ ಅಂತ ಕೇಳಲು ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿದ್ದವರು ತಲೆ ಎತ್ತದೆ "ಊರ ಹೊರಗ ಹೋಗ್ತದ್ರಿ ಸರ" ಅಂದರು. ಮುಂದೆ? "ಮುಂದ ನಮಗ ಸಂಬಂಧ ಇಲ್ರಿ."

ಮಾಸ್ತರೇ, ನಿಮ್ಮೂರಿಗೆ ಮಾಗಡಿ ಕೆರೆ ಹತ್ತಿರ. ಚಳಿಗಾಲದಲ್ಲಿ ಹಿಮಾಲಯ ದಾಟಿ ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಮಕ್ಕಳಿಗೆ ತೋರಿಸಿಯೇ ಇರುತ್ತೀರಿ. 2024ರಲ್ಲಿ ಆ ಕೆರೆಯೂ ಅಘನಾಶಿನಿ ಅಳಿವೆಯೂ ಒಟ್ಟಿಗೇ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದವು. ಹಕ್ಕಿ ಕೂರುವ ನೀರು ದಂಡ, ಪೈಪ್ ಹಾಕಿ ಮಾಗಡಿ ಕೆರೆ ಬರಿದು ಮಾಡೋಣ ಅಂತ ಯಾರಾದರೂ ಅಂದರೆ ನನಗಿಂತ ಮೊದಲು ಜಗಳಕ್ಕೆ ನಿಲ್ಲುವವರು ನೀವೇ ಅಲ್ವಾ? ಇದಕ್ಕೆ ನಿಮ್ಮ ಉತ್ತರ ಬಂದರೆ ಒಂದು ಸಾಲೂ ಕತ್ತರಿಸದೆ ಹಾಕುತ್ತೇನೆ.

ಪದಬಂಧದ ಅಕ್ಷರ ಮುಂದಿನ ಸಂಚಿಕೆಯಿಂದ ದೊಡ್ಡದು. ಅದರಲ್ಲಿ ನಿಮ್ಮದೇ ಸರಿ.

— ಸಂಪಾದಕ