ಪ್ರತಿಕ್ರಿಯೆ: ಬುದ್ಧಿವಂತರಿಗೆ ದೈವಭಕ್ತಿ ಕಡಿಮೆಯೇ?

‘ಐಕ್ಯೂ ಜಾಸ್ತಿ ಇದ್ದವರಿಗೆ ಭಕ್ತಿ ಕಡಿಮೆ ಎಂದು ಸಂಶೋಧನೆ ಇದೆಯಂತೆ. ತುಲಾ ಸಂಕ್ರಮಣಕ್ಕೆ ತಪ್ಪದೆ ತಲಕಾವೇರಿಗೆ ಹೋಗುವ ನನ್ನ ಮಗಳು ದಡ್ಡಿಯೇ?’ ಎಂದು ಕೇಳಿದ್ದೀರಿ. ಖಂಡಿತ ಅಲ್ಲ.

ಸಂಶೋಧನೆ ಇರುವುದು ನಿಜ. 2013ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜುಕರ್‌ಮನ್ ಮತ್ತು ಸಂಗಡಿಗರು 63 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸಿಕ್ಕ ಸಹಸಂಬಂಧ (ಎರಡು ಸಂಗತಿಗಳು ಎಷ್ಟರಮಟ್ಟಿಗೆ ಒಟ್ಟಿಗೆ ಬದಲಾಗುತ್ತವೆ ಎಂಬ ಅಳತೆ; ಮೈನಸ್ ಎಂದರೆ ಒಂದು ಏರಿದಾಗ ಇನ್ನೊಂದು ಇಳಿಯುವ ಒಲವು) ಸುಮಾರು ಮೈನಸ್ 0.24. ಇದನ್ನು ಇದರಿಂದಲೇ ಗುಣಿಸಿದರೆ ಬರುವ ವರ್ಗ ಸುಮಾರು 0.058. ಅಂದರೆ ಜನರ ಭಕ್ತಿಯಲ್ಲಿ ಕಾಣುವ ವ್ಯತ್ಯಾಸದ ಶೇ. 6ರಷ್ಟು ಮಾತ್ರ ಬುದ್ಧಿಯ ಅಂಕಕ್ಕೆ ತಾಳೆಯಾಗುತ್ತದೆ. ಇಷ್ಟನ್ನೇ ಹಿಡಿದು ಒಬ್ಬ ಹುಡುಗಿಯ ಬುದ್ಧಿ ಅಳೆಯುವುದು ಅನ್ಯಾಯ. ಸಹಸಂಬಂಧ ಕಾರಣವನ್ನೂ ಹೇಳುವುದಿಲ್ಲ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ತೊಡಕು ಪ್ರಶ್ನಾವಳಿಯದು. ಅಲ್ಲಿ ಉತ್ತರಿಸಿದವರಲ್ಲಿ ಹೆಚ್ಚಿನವರು ಪಾಶ್ಚಾತ್ಯರು, ಮುಖ್ಯವಾಗಿ ಅಮೆರಿಕದವರು. ದೇವರಿದ್ದಾನೆಂದು ನಂಬುತ್ತೀರಾ, ಚರ್ಚಿಗೆ ಎಷ್ಟು ಸಲ ಹೋಗುತ್ತೀರಿ ಎಂಬಂಥ ಪ್ರಶ್ನೆಗಳು. ನಮ್ಮ ಕೊಡಗಿನ ಐನ್‌ಮನೆಯಲ್ಲಿ (ಕುಲದ ಮೂಲಮನೆ) ಗುರುಕಾರಣರಿಗೆ, ಅಂದರೆ ಕುಲದ ಹಿರಿಯರಿಗೆ, ಮೀದಿ (ಎಡೆ) ಇಡುವುದು, ಸುಗ್ಗಿಹಬ್ಬವಾದ ಪುತ್ತರಿಗೆ ಕದಿರು (ಭತ್ತದ ತೆನೆ) ತೆಗೆಯುವುದು ಇವುಗಳಲ್ಲಿ ಯಾವ ಖಾನೆಗೆ ಸೇರುತ್ತದೆ? ನಂಬಿಕೆಯೋ, ಕುಲದ ಋಣವೋ, ಎರಡೂವೋ? ಆ ಅಳತೆಗೋಲು ಕೊಡಗಿಗೆ ಹೊಂದುವುದಿಲ್ಲ. ತಮ್ಮ ತೀರ್ಮಾನವನ್ನು ಪಾಶ್ಚಾತ್ಯ ಸಮಾಜದಾಚೆಗೆ ಎಳೆಯಬಾರದೆಂದು ಆ ಸಂಶೋಧಕರೇ ಎಚ್ಚರಿಸಿದ್ದಾರೆ.

ಇನ್ನು ಮುಂದೆ ಯಾರಾದರೂ ಈ ಮಾತೆತ್ತಿದರೆ ಭಕ್ತಿಯನ್ನು ಯಾವ ಪ್ರಶ್ನೆಯಿಂದ ಅಳೆದರು, ಯಾರನ್ನು ಕೇಳಿದರು ಎಂದು ವಿಚಾರಿಸಿ. ಮಗಳು ನೆಮ್ಮದಿಯಿಂದ ತೀರ್ಥ ತರಲಿ.