ವಿಜಯಪುರದಲ್ಲಿ ಬಿಕಾಂ ಮುಗಿಸಿದ ತಂಗಿ ವಿದೇಶಿ ಹೂಡಿಕೆ, ಗಾಳಿ ವಿದ್ಯುತ್ ಕ್ಷೇತ್ರಕ್ಕೆ ಹೋಗಬಹುದಾ?

ಖಂಡಿತ ಹೋಗಬಹುದು. ಇದು ಬರೀ ಎಂಜಿನಿಯರುಗಳ ಕ್ಷೇತ್ರ ಅಲ್ಲ. ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಹೊಲಗಳ ನಡುವೆ ಗಾಳಿಯಂತ್ರ ತಿರುಗುವುದನ್ನು ನೋಡಿದ್ದೀರಿ, ಅಲ್ವಾ? ಅದಕ್ಕೆ ದುಡ್ಡೆಲ್ಲ ಮೊದಲೇ ಸುರಿಯಬೇಕು. ಆದಾಯ ಮಾತ್ರ 20–25 ವರ್ಷ ನಿಧಾನವಾಗಿ ಬರುತ್ತದೆ. ವಿದೇಶದ ಸಾಲ ಡಾಲರಿನಲ್ಲಿದ್ದು, ಕರೆಂಟಿನ ದುಡ್ಡು ರೂಪಾಯಿಯಲ್ಲಿ ಬಂದರೆ ಇನ್ನೊಂದು ತಲೆನೋವು: ರೂಪಾಯಿ ಕುಸಿದ ಹಾಗೆ ಕಂತು ಜಾಸ್ತಿಯಾಗುತ್ತದೆ. ಗಾಳಿ ಕಡಿಮೆ ಬೀಸಿದರೆ? ಮಾರಿದ ಕರೆಂಟಿನ ದುಡ್ಡು ಬರುವುದು ತಡವಾದರೆ? ಇದನ್ನೆಲ್ಲ ಮೊದಲೇ ಲೆಕ್ಕ ಹಾಕುವುದೇ ಹೂಡಿಕೆ ವಿಶ್ಲೇಷಕಿಯ ಕೆಲಸ.

ಈ ಕ್ಷೇತ್ರದಲ್ಲಿ ಭಾರತ 100% ವಿದೇಶಿ ನೇರ ಹೂಡಿಕೆಗೆ ಅವಕಾಶ ಕೊಟ್ಟಿದೆ, ಅಂದರೆ ಕಂಪನಿಯ ಪೂರ್ತಿ ಬಂಡವಾಳ ವಿದೇಶದವರದ್ದೇ ಆಗಿರಬಹುದು. ತಂಗಿ ಸಿಎ ಅಥವಾ ಮೂರು ಹಂತದ ಸಿಎಫ್‌ಎ (ಹೂಡಿಕೆ ವಿಶ್ಲೇಷಣೆಯ ಅಂತರರಾಷ್ಟ್ರೀಯ ಪರೀಕ್ಷೆ) ಓದಲಿ, ಎಕ್ಸೆಲ್ ಗಟ್ಟಿ ಮಾಡಿಕೊಳ್ಳಲಿ. ಹುಡುಗಿಗೆ ಯಾಕೆ ಗಾಳಿಯಂತ್ರದ ಜಾಗಗಳಿಗೆ ಓಡಾಟ ಅಂತ ಮನೆಯಲ್ಲಿ ದಯವಿಟ್ಟು ತಡೆಯಬೇಡಿ. ಗಾಳಿಯಂತ್ರಕ್ಕೆ ಹೊಲ ಕೊಟ್ಟ ರೈತರ ಹತ್ತಿರ ಕನ್ನಡದಲ್ಲೇ ಕೂತು ಮಾತಾಡುವುದು ಅವಳಿಗೆ ದೊಡ್ಡ ಬಲ.